ಎಣಿಸಬಾರದ ಹಟ್ಟಿ

ಕೆಂಬಾಬಾಜಿ ಮಾಡಿದ ತಪ್ಪು ಮೊದಲು ಗೊತ್ತಾದದ್ದು ನನಗೆ. ನಾನು ನಮ್ಮ ಕಡೆಯ ಹಾಲಿನ ಸಂಘದಲ್ಲಿ ದನಗಳಿಗೆ ಚುಚ್ಚುಮದ್ದು ಹಾಕುವವನು. ಕಲಿತದ್ದು ಎರಡೇ ವರ್ಷವಾದರೂ ಜನ ಡಾಕ್ಟರೆಂದೇ ಕರೆಯುತ್ತಾರೆ. ಕಾಲುಬಾಯಿ ಜ್ವರದ ಮದ್ದು ಎಷ್ಟು ಬೇಕೆಂದು ಹಟ್ಟಿಗಳಿಂದ ಫೋನಿನಲ್ಲಿ ಬಂದ ಪಟ್ಟಿಯನ್ನು ಮಂಗಳವಾರ ತೆರೆದೆ. ಹತ್ತೊಂಬತ್ತು ಹಟ್ಟಿಗಳಲ್ಲಿ ಹದಿನಾರರ ಎದುರು ಒಂದೇ ಅಂಕಿ ಇತ್ತು: ಹತ್ತು.

ಮುಜೇ ಕರೆಮೇರರ ಎದುರೂ ಹತ್ತು. ಮುಜೇ ಎಂದರೆ ಹಿರಿಯಜ್ಜ; ಅವರು ನಮ್ಮ ಊರಿಗೇ ಹಿರಿಯರು. ಅವರ ದನಗಳು ಸಂಜೆ ನೀರಿಗಿಳಿದರೆ ಕೊಂಬುಗಳ ಕಾಡೇ ನಡೆದು ಬಂದಂತಿರುತ್ತದೆ.

ಪಟ್ಟಿ ಶುಕ್ರವಾರದೊಳಗೆ ಜಿಲ್ಲಾ ಕಚೇರಿಗೆ ಹೋಗಬೇಕಿತ್ತು. ಹತ್ತು ಎಂದು ಬರೆದರೆ ಹತ್ತಕ್ಕೇ ಮದ್ದು ಬರುತ್ತದೆ. ಗುಡ್ಡದ ಆಚೆ ಆಗಲೇ ಎರಡು ಹಟ್ಟಿಗಳಲ್ಲಿ ದನಗಳು ಜೊಲ್ಲು ಸುರಿಸುತ್ತ ಕುಂಟುತ್ತಿದ್ದವು.

ಈ ಪಟ್ಟಿ ಮಾಡುವ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಹಲವು ದೇಶಗಳ ಜನ ಕೂಡಿ ಬರೆದದ್ದು. ಬೇಕಾದವರು ಅದನ್ನು ತೆರೆದು ನೋಡಬಹುದು, ತಿದ್ದಬಹುದು. ತಿದ್ದಿದ್ದನ್ನು ಅಲ್ಲಿಯ ಅನುಭವಸ್ಥರು ಒಪ್ಪಿದರೆ ಎಲ್ಲರ ಫೋನಿಗೂ ಅದೇ ಬರುತ್ತದೆ. ಎಂಬರಾರ ಪಟ್ಟಣದ ವಿಶ್ವವಿದ್ಯಾಲಯದಲ್ಲಿ ನುವಾಗಬ ಎಂಬ ಯುವಕ ಪ್ರತಿ ಶನಿವಾರ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಈ ಕೆಲಸ ಕಲಿಸುತ್ತಾನೆ. ಅದಕ್ಕೆ ಸಂಬಳವಿಲ್ಲ. ಹದಿನಾಲ್ಕು ಜನಕ್ಕೆ ಆರು ಕಂಪ್ಯೂಟರು. ಕೇಳಿದ ಕೂಡಲೇ ಉತ್ತರ ಹೇಳಿಬಿಡುವ ಅಭ್ಯಾಸ ಅವನಿಗಿಲ್ಲ. ಪಕ್ಕದಲ್ಲಿ ಕೂತು, ಅವರೇ ಕಂಡುಕೊಳ್ಳುವ ತನಕ ಕಡಲೆಕಾಯಿ ಸುಲಿಯುತ್ತಾನೆ. ಕರೆಮೇರರ ಮೊಮ್ಮಗಳು ಕೆಂಬಾಬಾಜಿ ಅಲ್ಲಿ ಮೂರನೆಯ ವರ್ಷದವಳು. ಒಟ್ಟು ದನ ಎಷ್ಟೆಂದು ತುಂಬದೆ ಪಟ್ಟಿ ಮುಂದಕ್ಕೆ ಹೋಗದಂತೆ ಮಾಡಿದ್ದು ಅವಳೇ. ಅವಳು ಮಾಡಿದ್ದರಲ್ಲಿ ಒಪ್ಪಿಗೆಯಾದ ಮೊದಲ ಕೆಲಸ ಅದು. ಅಂದು ಗೆಳೆಯರೆಲ್ಲ ಚಪ್ಪಾಳೆ ತಟ್ಟಿದ್ದರಂತೆ.

ನಮ್ಮಲ್ಲಿ ದನವನ್ನು ಎಣಿಸುವುದಿಲ್ಲ. ಎಣಿಸಿದ ಹಟ್ಟಿ ಕರಗುತ್ತದೆ ಎಂಬ ಹೆದರಿಕೆ. ಸಂಜೆ ಬಾಗಿಲಲ್ಲಿ ನಿಂತು ಒಂದೊಂದನ್ನೂ ಮೈಬಣ್ಣದ ಹೆಸರು ಹಿಡಿದು ಕರೆಯುತ್ತೇವೆ. ಬಾರದೆ ಉಳಿದದ್ದು ಯಾವುದೆಂದು ಕಣ್ಣಿಗೇ ಗೊತ್ತಾಗುತ್ತದೆ.

ನಾನು ಫೋನ್ ಮಾಡಿದೆ. ಬುಧವಾರ ಬೆಳಗಿನ ಬಸ್ಸಿಗೆ ಅವಳೂ ನುವಾಗಬನೂ ಬಂದಿಳಿದರು. ಮೂವರೂ ಕರೆಮೇರರ ಮನೆಗೆ ಹೋದೆವು.

"ಹತ್ತು ಅಂತ ಒತ್ತಿದ್ದು ನೀನೇನಾ ತಾತ?"

"ಹೂಂ. ಅದು ಕೇಳ್ತಾನೇ ಇತ್ತು. ಬಾಯಿ ಮುಚ್ಸೋಕೆ ಏನಾದ್ರೂ ಕೊಡಬೇಕಲ್ಲ."

"ನಿಜ ಹೇಳಬಹುದಿತ್ತು."

"ನಿನ್ನ ಮಕ್ಕಳನ್ನ ಎಣಿಸಿ ಹೇಳಮ್ಮ ಅಂತ ದಾರಿಹೋಕ ಕೇಳಿದ್ರೆ ನಿಮ್ಮಮ್ಮ ಹೇಳ್ತಾಳಾ?" ಮುದುಕರು ನನ್ನ ಕಡೆ ತಿರುಗಿದರು. "ಅದನ್ನ ಮಾಡಿದ ಬಿಳಿಯನದೂ ತಪ್ಪಿಲ್ಲ ಬಿಡಿ ಡಾಕ್ಟ್ರೇ. ಪಾಪ, ಅವನಪ್ಪ ಕೋಳಿ ಸಾಕಿರಬೇಕು."

ನನಗೆ ನಗು ಬಂತು. ಕೆಂಬಾಬಾಜಿ ನಗಲಿಲ್ಲ.

"ಬಿಳಿಯನಲ್ಲ ತಾತ. ನಾನೇ ಮಾಡಿದ್ದು."

ಮುದುಕರು ಮರದ ಪಾತ್ರೆಯಿಂದ ನಮಗೆ ಹಾಲು ಬಗ್ಗಿಸಿದರು. ಅವಳದನ್ನು ಬಗ್ಗಿಸುವಾಗ ಮಾತ್ರ, "ಹಟ್ಟಿ ಬಾಗಿಲಲ್ಲೇ ಬೆಳೆದವಳು ನೀನು" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೊರಗೆ ಬಂದವಳು ಬೇಲಿ ಹಿಡಿದು ನಿಂತಳು.

"ಅಣ್ಣಾ, ನೀವೇ ಸರಿ ಮಾಡಿಬಿಡಿ. ನನಗಿದು ಆಗಲ್ಲ. ಶನಿವಾರ ನನ್ನ ಜಾಗಕ್ಕೆ ಬೇರೆಯವರನ್ನ ಕೂರಿಸಿ."

ನುವಾಗಬ ಯೋಚಿಸಿ ಹೇಳಿದ: "ಬಿಡೋದಾದ್ರೆ ಬಿಡು. ಆದ್ರೆ ಏನು ತಪ್ಪಾಯ್ತು ಅಂತ ಬರೆದಿಟ್ಟು ಬಿಡು. ಎಲ್ಲರೂ ನೋಡೋ ಜಾಗದಲ್ಲಿ."

"ನಗ್ತಾರೆ."

"ನಗಲಿ. ನಾನು ಮಾಡಿದ ಮೊದಲನೇ ತಪ್ಪು ಇನ್ನೂ ಅಲ್ಲೇ ಇದೆ, ಏಳು ವರ್ಷದಿಂದ. ನೋಡು." ಫೋನ್ ತೆಗೆದು ಕೊಟ್ಟ.

ಅವಳು ಓದಿದಳು. ಕಣ್ಣೊರೆಸಿಕೊಂಡು ಮತ್ತೆ ಓದಿದಳು. "ಗಂಡು ದನದ ಎದುರು ದಿನಕ್ಕೆ ನಾಲ್ಕು ಲೀಟರ್ ಹಾಲು ಅಂತ ಬರೋ ಹಾಗೆ ಮಾಡಿದ್ದೀರಿ."

"ಕೆಳಗೆ ಇನ್ನೊಂದು ಹೋರಿ ಇದೆ. ಅದು ಆರು ಲೀಟರ್."

ತನ್ನ ಮೂರ್ಖತನವನ್ನು ಹೀಗೆ ಕೈಗೆತ್ತಿ ಕೊಡುವ ಗುರುವನ್ನು ನಾನು ಬೇರೆಲ್ಲೂ ನೋಡಿಲ್ಲ. ಅವಳು ಅಲ್ಲೇ ಕಲ್ಲಿನ ಮೇಲೆ ಕೂತು ಬರೆದಳು: ನನ್ನ ತಿದ್ದುಪಡಿ ತಪ್ಪು, ನಮ್ಮ ಜನ ದನ ಎಣಿಸುವುದಿಲ್ಲ, ಇದು ನನಗೆ ಗೊತ್ತಿರಬೇಕಿತ್ತು. ಮಧ್ಯಾಹ್ನ ಯಾವುದೋ ದೇಶದ ಹೆಂಗಸಿನಿಂದ ಉತ್ತರ ಬಂತು. ಯಾರೂ ನಗಲಿಲ್ಲ. ಸರಿ, ಆದರೆ ಮದ್ದು ಕಳಿಸುವವರಿಗೆ ಅಂಕಿ ಬೇಕಲ್ಲ, ಏನು ಮಾಡೋಣ ಹೇಳು ಎಂದು ಕೇಳಿದ್ದಳು.

ಆ ಸಂಜೆ ಕೆಂಬಾಬಾಜಿ ಹಟ್ಟಿ ಬಾಗಿಲಲ್ಲಿ ತಾತನ ಪಕ್ಕ ನಿಂತಳು. "ಬಿಹೋಗೊ, ಬಾ" ಎಂದು ಮುದುಕರು ಕಡುಗೆಂಪಿನವಳನ್ನು ಕರೆದರು. ಆಮೇಲೆ ಹಣೆಯಲ್ಲಿ ಬಿಳಿ ಇದ್ದವಳನ್ನು, ಆಮೇಲೆ ಚುಕ್ಕೆಯವಳನ್ನು. ಅವಳು ಅವರ ಬಾಯನ್ನೇ ನೋಡುತ್ತಿದ್ದಳು.

ಗುರುವಾರ ಬೆಳಗಿನಿಂದ ಸಂಘದ ಕೋಣೆಯಲ್ಲಿ ಕೂತಳು. ಬರೆದದ್ದು ಎರಡು ಸಲ ಕೆಟ್ಟಿತು. ನುವಾಗಬ ಒಂದು ಗುಂಡಿಯನ್ನೂ ಮುಟ್ಟಲಿಲ್ಲ. ಅವನ ಕಾಲ ಬಳಿ ಕಡಲೆ ಸಿಪ್ಪೆಯ ಗುಡ್ಡೆ ಬೆಳೆಯಿತು. ಮೂರನೆಯ ಸಲ ಸರಿಹೋಯಿತು. ಫೋನಿನಲ್ಲಿ ಬಣ್ಣದ ಹೆಸರುಗಳಿದ್ದವು. ದನ ಒಳಗೆ ಬಂದಂತೆ ಅದರ ಹೆಸರು ಮುಟ್ಟಿದರೆ ಸಾಕು. ಮೊತ್ತ ಹಟ್ಟಿಯವರ ಕಣ್ಣಿಗೆ ಬೀಳುವುದಿಲ್ಲ, ಸಂಘದ ಪಟ್ಟಿಯ ಮೂಲಕ ಮದ್ದಿನ ಕಚೇರಿಗೆ ಹೋಗುತ್ತದೆ.

ಕರೆಮೇರರು ಅದನ್ನು ತಿರುಗಿಸಿ ನೋಡಿದರು. "ಹಾಗಾದ್ರೆ ಇದಕ್ಕೆ ಎಷ್ಟು ಅಂತ ಗೊತ್ತಿರತ್ತೆ."

"ಗೊತ್ತಿರತ್ತೆ ತಾತ. ನಿನ್ನ ಹತ್ರ ಬಾಯಿ ಬಿಡಲ್ಲ."

"ದೇವರಿಗೂ ಗೊತ್ತಿದೆ," ಎಂದು ಅವರು ಗಡ್ಡ ನೀವಿಕೊಂಡರು. "ಅವನೂ ಬಾಯಿ ಬಿಡಲ್ಲ. ಇರಲಿ."

ದೂರದವರ ಒಪ್ಪಿಗೆಗೆ ಕಾಯುವಷ್ಟು ಹೊತ್ತಿರಲಿಲ್ಲ. ಅವಳ ಪ್ರತಿಯನ್ನೇ ಫೋನಿನಿಂದ ಫೋನಿಗೆ ದಾಟಿಸುತ್ತ ನನ್ನ ಮೋಟಾರ್‌ಸೈಕಲ್ಲಿನಲ್ಲಿ ಊರೆಲ್ಲ ಸುತ್ತಿದೆವು. ಸಂಜೆ ದನಗಳು ಒಳಬಂದವು. ಶುಕ್ರವಾರ ಬೆಳಿಗ್ಗೆ ಪಟ್ಟಿ ತೆರೆದಾಗ ಎಲ್ಲೂ ಹತ್ತು ಇರಲಿಲ್ಲ. ಅಂಕಿಗಳನ್ನು ಇಲ್ಲಿ ಹೇಳುವುದಿಲ್ಲ. ನಾನೂ ಈ ಊರಿನವನೇ.

ಆ ದೂರದವರ ಒಪ್ಪಿಗೆ ಆರು ದಿನದ ಮೇಲೆ ಬಂತು. ಮದ್ದು ಬಂದದ್ದು ಅದರ ಮರುದಿನ. ಕರೆಮೇರರ ಹಟ್ಟಿಯಲ್ಲಿ ಕೊನೆಯ ಹಸುವಿಗೆ ಚುಚ್ಚಿದಾಗ ಕೊನೆಯ ಶೀಷೆ ಖಾಲಿಯಾಯಿತು. ಅದಕ್ಕೆಂದೇ ಮತ್ತೆ ಊರಿಗೆ ಬಂದಿದ್ದ ಕೆಂಬಾಬಾಜಿ ಬಾಗಿಲ ದಣಪೆಗೆ ಒರಗಿ ನಿಂತು ಅದನ್ನೇ ನೋಡಿದಳು. 

ಮುದುಕರು ಒಳಗಿನಿಂದ ಒಂದು ಕರುವನ್ನು ಎತ್ತಿಕೊಂಡು ಬಂದರು. ಹೊಕ್ಕುಳ ಬಳ್ಳಿ ಇನ್ನೂ ಒಣಗಿರಲಿಲ್ಲ.

"ಬೆಳಿಗ್ಗೆ ಹುಟ್ಟಿತು. ಹೊಗೆಯಂಥ ಬಣ್ಣ. ನಿನ್ನ ಯಂತ್ರದಲ್ಲಿ ಈ ಹೆಸರೇ ಇಲ್ಲ, ಹುಡುಕಿದೆ," ಎಂದರು. "ಬರ್ಕೋ ಮಗಳೇ."

ಅವಳು ಫೋನ್ ತೆಗೆದು, ತಾತ ಹೇಳಿದ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೇಳುತ್ತ ಬರೆದುಕೊಂಡಳು.