ದೇವರ ಜಗಲಿಯ ಮೇಲಿನ ಡಿಸ್ಕ್

ಬೆಟಗೇರಿಯ ರೋಹಿಣಿ ಕಂಪ್ಯೂಟರಿನಲ್ಲಿ ಸೀರೆಯ ದಡಿಗಳನ್ನು, ಎಂದರೆ ಅಂಚಿನ ಚಿತ್ತಾರಗಳನ್ನು, ಬಿಡಿಸುತ್ತಾಳೆ. ಓಣಿಯ ಮಗ್ಗಗಳಿಗೆ ನಕ್ಷೆ ಹೋಗುವುದು ಅವಳಿಂದಲೇ. ಈ ಕೆಲಸ ಕಲಿಸಿದವನು ಗಂಡ ಸುನಿಲಕುಮಾರ. ಅವನು ತೀರಿಕೊಂಡು ಮೂರು ವರ್ಷವಾಯಿತು. ಕಾಯಿಲೆ ಬಿದ್ದಾಗ ಹಾಸಿಗೆಯ ಪಕ್ಕಕ್ಕೇ ಕಂಪ್ಯೂಟರ್ ಎಳೆದುಕೊಂಡು ಅವನು ಬಿಡಿಸಿದ ಕೊನೆಯ ದಡಿಗಳು ಅದರಲ್ಲೇ ಇದ್ದವು. ಹೊಸ ಆಪರೇಟಿಂಗ್ ಸಿಸ್ಟಮ್ ಬರುತ್ತದೆ, ಇಂದಲ್ಲ ನಾಳೆ ಎಲ್ಲರೂ ಅದಕ್ಕೇ ಹೋಗಬೇಕು ಎಂದು ಕೇಳಿದಾಗಿನಿಂದ ರೋಹಿಣಿಗೆ ಒಂದೇ ಚಿಂತೆ. ಅವನ ದಡಿಗಳು ಹೊಸದರಲ್ಲಿ ತೆರೆದುಕೊಂಡಾವೇ?

ಅವಳ ತಮ್ಮ ಆನಂದ ಗದಗಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನು. ಭಾನುವಾರ ಬಂದು ಕೂತ.

"ಅದರ ಪ್ರಿವ್ಯೂ ಬಂದೈತಕ್ಕಾ. ಇನ್ನೂ ಪೂರಾ ತಯಾರಾಗಿಲ್ಲ, ನೋಡಾಕಂತ ಬಿಟ್ಟಾರ. ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕ ಇಟ್ಟು, ಬ್ಯಾರೆ ಡಿಸ್ಕಿನ್ಯಾಗ ಅದನ್ನ ಹಾಕಿ ನೋಡೂಣು. ಅದಕ್ಕೂ ಮೊದಲ, ಎಲ್ಲಾದರದೂ ಕಾಪಿ ಐತಿಲ್ಲೋ?"

"ಐತಿ" ಎಂದಳು ರೋಹಿಣಿ, ತುಸು ಬೀಗಿಯೇ.

ಕಾಪಿ ಇದ್ದ ಪುಟ್ಟ ಹಾರ್ಡ್ ಡಿಸ್ಕನ್ನು ಅವಳು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಯಾರೂ ಮುಟ್ಟದ ಜಾಗ ಎಂದು ಅವಳ ಲೆಕ್ಕ. ಮುಟ್ಟುವವರು ಒಬ್ಬರಿದ್ದರು, ಅತ್ತೆ ಅಮೃತವ್ವ. ಆ ಮನೆಯಲ್ಲಿ ಅಮಾವಾಸ್ಯೆ ಬಂತೆಂದರೆ ಮಗ್ಗಕ್ಕೆ ಪೂಜೆ, ಲಾಳಿಗೆ ಪೂಜೆ. ಮಗನ ಕೆಲಸ ತುಂಬಿದ ಪೆಟ್ಟಿಗೆಯನ್ನು ಬಿಟ್ಟಾರೇ? ಅಮಾವಾಸ್ಯೆಗೊಮ್ಮೆ ಅದಕ್ಕೂ ನೀರು ಚಿಮುಕಿಸಿ, ವಿಭೂತಿ ಬಳಿದು, ಕುಂಕುಮ ಏರಿಸಿದ್ದರು. ವೈರ್ ಸಿಗಿಸುವ ಬಾಯಿಯಲ್ಲಿ ಕುಂಕುಮ ಗಟ್ಟಿಯಾಗಿ ಕೂತಿತ್ತು. ಆನಂದ ಬ್ರಷ್ ಹಾಕಿ ತಿಕ್ಕಿದ, ಊದಿದ, ವೈರ್ ಬದಲಿಸಿದ. ಡಿಸ್ಕ್ ಜಪ್ಪಯ್ಯ ಅಂದರೂ ಏಳಲಿಲ್ಲ.

"ಯಾರು ಹೇಳಿದ್ರು ಅತ್ತಿ ನಿಮಗ, ಇದಕ್ಕ ನೀರು ಹಾಕಂತ?" ರೋಹಿಣಿಯ ಸಿಟ್ಟು ನೆತ್ತಿಗೇರಿತ್ತು.

"ಅವನ ಕೈಕೆಲಸ ಇದರಾಗ ಐತಿ ಅಂತ ನೀನ ಹೇಳಿದ್ದೆಲ್ಲ. ಪೂಜಿ ಮಾಡದ ಹ್ಯಾಂಗ ಇರ್ಲಿ?"

ರೋಹಿಣಿ ಡಿಸ್ಕನ್ನು ಕೈಗೆತ್ತಿಕೊಂಡಳು. ಮೂರು ವರ್ಷದಲ್ಲಿ ಒಂದು ಸಲವೂ ಅವಳು ಆ ಡಿಸ್ಕನ್ನು ಹಚ್ಚಿ ನೋಡಿರಲಿಲ್ಲ. ಅತ್ತೆಯಾದರೂ ತಿಂಗಳಿಗೊಮ್ಮೆ ಅದರ ಮುಖ ನೋಡಿದ್ದರು.

"ಮೊದಲ ನೋಡಿದ್ದು ಛಲೋ ಆತು. ಅಸಲು ಕಂಪ್ಯೂಟರಿನ್ಯಾಗ ಇದ್ದ ಐತಿ" ಎಂದು ಆನಂದ ಹೊಸ ಡಿಸ್ಕಿಗೆ ಕಾಪಿ ತೆಗೆದ. ಕಾಪಿಯಾದ ದಡಿಗಳನ್ನು ಒಂದೊಂದಾಗಿ ತೆರೆದು ಪರೀಕ್ಷಿಸಿದ. ರೋಹಿಣಿ ಚಹಾದ ನೆಪದಲ್ಲಿ ಒಳಗೆ ಹೋಗಿಬಿಟ್ಟಳು. ಆ ದಡಿಗಳನ್ನು ನೋಡುವ ಧೈರ್ಯ ಅವಳಿಗೆ ಯಾವತ್ತೂ ಬಂದಿರಲಿಲ್ಲ.

ಆಮೇಲೆ ಆನಂದ ಕಂಪ್ಯೂಟರಿನೊಳಗಿನ ಹಳೆಯ ಡಿಸ್ಕ್ ಬಿಚ್ಚಿಟ್ಟು, ಬೇರೊಂದರಲ್ಲಿ ಪ್ರಿವ್ಯೂ ಏರಿಸಿದ. ಪರದೆ ಮದುವೆಮನೆಯಂತೆ ಝಗಮಗಿಸಿತು. ಆದರೆ ಹೊಸ ಕಾಪಿಯ ದಡಿಗಳ ಮೇಲೆ ಒತ್ತಿದರೆ ಪ್ರತಿ ಸಲವೂ ಬಂದದ್ದು ಅದೇ ಮಾತು, ಈ ಫೈಲ್ ತೆರೆಯಲು ಆಗುವುದಿಲ್ಲ. ಅಮೃತವ್ವನಿಗೆ ಆ ಇಂಗ್ಲಿಷ್ ಅಕ್ಷರ ಬಾರದು. ಸೊಸೆಯ ಮುಖ ಓದಿದರು, ಗೋಡೆ ಹಿಡಿದು ಕುಸಿದು ಕೂತರು.

"ಹೋತೇನ ರೋಹಿಣಿ? ನನ್ನ ಕುಂಕುಮದಿಂದ ಹೋತೇನ?"

ರೋಹಿಣಿ ಅತ್ತೆಯ ಪಕ್ಕ ಕೂತು ಅವರ ತೋಳು ಹಿಡಿದಳು. "ಇಲ್ರಿ ಅತ್ತಿ. ಹಂಗ ಆಗಬಾರದಂತನ ಬ್ಯಾರೆ ಡಿಸ್ಕಿನ್ಯಾಗ ನೋಡಿದ್ವಿ. ಹಳೇದರಾಗ ಎಲ್ಲಾ ಐತಿ. ತೋರಸ್ತೀನಿ, ಬರ್ರಿ."

ಆನಂದ ಕಂಪ್ಯೂಟರಿಗೆ ಅದರ ಹಳೆಯ ಡಿಸ್ಕನ್ನು ಮತ್ತೆ ಕೂಡಿಸಿದ. ರೋಹಿಣಿ ಒಂದು ಫೈಲಿನ ಮೇಲೆ ಒತ್ತಿದಳು. ಪರದೆಯ ಉದ್ದಕ್ಕೂ ಜೋಳದ ತೆನೆಗಳ ದಡಿ ಬಿಚ್ಚಿಕೊಂಡಿತು, ಗಾಳಿಗೆ ತುಸು ವಾಲಿದ ತೆನೆಗಳು. ಅಮೃತವ್ವ ಮುಖ ಹತ್ತಿರ ತಂದು, ಎಳೆ ಎಣಿಸುವ ಹಾಗೆ ಬೆರಳಾಡಿಸುತ್ತ ಬಹಳ ಹೊತ್ತು ನೋಡಿದರು.

"ಇದನ್ನ ಯಾರ ಮಗ್ಗದ ಮ್ಯಾಲೂ ನಾ ಕಂಡಿಲ್ಲಲ್ಲ."

"ನಾ ಯಾರಿಗೂ ಕೊಟ್ಟಿಲ್ರಿ."

"ಯಾಕ?"

"ಅವರ ಕಡೀ ಕೆಲಸ. ಹಂಗ ಇರ್ಲಿ ಅಂತ."

ಅಮೃತವ್ವ ಸೊಸೆಯ ಕೈ ಹಿಡಿದುಕೊಂಡರು. "ನಾ ಪೂಜಿ ಮಾಡಿ ಕೆಡಿಸಿದೆ, ನೀ ಮುಚ್ಚಿಟ್ಟು ಕೆಡಸಾಕತ್ತಿದ್ದಿ. ಅವ ಇದನ್ನ ನೇಯಾಕಂತ ಬಿಡಿಸಿದ್ದ, ಯವ್ವಾ."

ಮೂರು ವರ್ಷ ತಡೆದಿಟ್ಟ ಅಳು ಆಗ ಬಂತು. ರೋಹಿಣಿ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಮನಸಾರೆ ಅತ್ತಳು. ಆನಂದ ಎದ್ದು ಹೊರಗೆ ಹೋಗಿ ನಿಂತ. ಆಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು.

"ಹೊಸಾ ಸಿಸ್ಟಮ್ ಬರೂದ್ರಾಗ ಅವರ ದಡಿ ಎಲ್ಲಾ ನೇಯಿಸೂಣ್ರಿ. ಮೊದಲನೇ ಸೀರಿ ಯಾವ ಬಣ್ಣದ್ದು ಮಾಡೂಣು, ಅತ್ತಿ?"