ತಣಿಯದ ಹಾಲು

ಬೇಸಿಗೆಯ ಬಿಸಿಲು ಏರುವ ಮೊದಲೇ ಹಾಲಿನವರ ಸಾಲು ಹಾಲು ತಣಿಸುವ ಶೀತಲ ಕೇಂದ್ರದ ಬಾಗಿಲು ದಾಟಿ ಬೇಲಿ ಮುಟ್ಟಿತ್ತು. ಯಂತ್ರ ನೋಡಿಕೊಳ್ಳುವ ಅಕ್ಕ ಕುಕ್ಕರಗಾಲಲ್ಲಿ ಕೂತು ಉಷ್ಣಮಾಪಕವನ್ನು ದುರುಗುಟ್ಟಿ ನೋಡುತ್ತಿದ್ದಳು. ಉಕ್ಕಿನ ತೆಳು ತಟ್ಟೆಗಳ ಒಂದು ಮಗ್ಗುಲಲ್ಲಿ ಹಾಲು, ಇನ್ನೊಂದರಲ್ಲಿ ಕೊರೆಯುವ ನೀರು ಹರಿದು, ಹಾಲಿನ ಬಿಸಿಯನ್ನು ನೀರು ಹೊತ್ತೊಯ್ಯಬೇಕು. ನಾಲ್ಕು ಡಿಗ್ರಿಗೆ ಇಳಿಯಬೇಕಾದ ಹಾಲು ಒಂಬತ್ತಕ್ಕೇ ಹಟ ಹಿಡಿದಿತ್ತು. ನಿನ್ನೆ ತಣಿಯದ ಹಾಲನ್ನು ಟ್ಯಾಂಕರಿನವನು ಮುಟ್ಟದೆ ಹೋಗಿ, ಊರಿನ ಹಾಲೆಲ್ಲ ಮೋರಿ ಪಾಲಾಗಿತ್ತು. ಇವತ್ತೂ ಹಾಗಾದರೆ ಕೇಂದ್ರಕ್ಕೆ ಬೀಗ.

"ಏನಕ್ಕಾ, ನಿನ್ನ ಯಂತ್ರಕ್ಕೂ ಜ್ವರವಾ?" ಎಂದ ಸಾಲಿನ ಮುದುಕ.

"ಯಂತ್ರಕ್ಕಲ್ಲ ತಾತ, ನನ್ನ ತಮ್ಮನಿಗೆ ನಿದ್ದೆ ರೋಗ!" ನೀರು ತಣಿಸುವ ಕಂಪ್ರೆಸರಿನ ಬಳಿ ನಿಂತಿದ್ದ ತಮ್ಮನ ಕಡೆ ತಿರುಗಿದಳು. "ಇರೋದೊಂದು ಕೆಲಸ. ಅದೂ ಆಗಲ್ವೇನೋ ನಿದ್ದೆಬುರುಕ?"

ಸಾಲೆಲ್ಲ ನಕ್ಕಿತು. ತಮ್ಮ ಕೈಯೊರೆಸಿದ ಬಟ್ಟೆಯನ್ನು ಗೂಟಕ್ಕೆ ಹಾಕಿ ಮನೆಗೆ ನಡೆದ.

ಅಕ್ಕ ಒಳಬರುವ ನೀರನ್ನು ಅಳೆದಳು: ಒಂದು ಡಿಗ್ರಿ. ಅವನ ಕೆಲಸದಲ್ಲಿ ಕುಂದಿರಲಿಲ್ಲ. ತಟ್ಟೆಗಳನ್ನು ಮೊನ್ನೆಯಷ್ಟೇ ಬಿಚ್ಚಿ ಉಜ್ಜಿದ್ದಾಗಿತ್ತು. ಪಂಪಿನ ವೇಗ ಏರಿಸಿದಳು, ಇಳಿಸಿದಳು; ಸಿಟ್ಟಿಗೆ ಖಾಲಿ ಕ್ಯಾನನ್ನು ಒದ್ದು ಬೆರಳು ನೋಯಿಸಿಕೊಂಡಳು. ಕೊನೆಗೆ ಹೊರಹೋಗುವ ನೀರನ್ನೂ ಅಳೆದಳು. ಎಂಟು. ಅದೂ ಹಾಲು ಹೊರಬೀಳುವ ಪಕ್ಕದಲ್ಲೇ, ಅದೇ ತುದಿಯಲ್ಲಿ!

ಎದುರುಬದುರಾಗಿ ಹರಿಯಬೇಕಾದ ಹಾಲೂ ನೀರೂ ಜೋಡೆತ್ತಿನಂತೆ ಒಂದೇ ದಿಕ್ಕಿಗೆ ಹೊರಟಿದ್ದವು. ಹೊರಡುವ ಹಾಲಿಗೆ ಆಗಷ್ಟೇ ಬಂದ ತಣ್ಣೀರು ಸಿಗಬೇಕು. ಸಿಗುತ್ತಿದ್ದುದು ಬಿಸಿ ಉಂಡು ದಣಿದ ನೀರು. ತೊಳೆದ ಮೇಲೆ ಕೊಳವೆ ಜೋಡಿಸಿದ್ದು ಅವಳೇ. ನೀರನ್ನು ಎದುರು ತುದಿಗೆ ಒಯ್ಯುವ ಅಡ್ಡಕೊಳವೆಗಳನ್ನು ಜನ ಎಡವುತ್ತಾರೆಂದು, ನೋಡಲೂ ಲಕ್ಷಣವಾಗಿರಲೆಂದು, ನೆಟ್ಟಗೆ ಕೂರಿಸಿದ್ದಳು.

ಹಲ್ಲು ಕಚ್ಚಿ ನೀರಿನ ಕೊಳವೆಗಳನ್ನು ಅದಲುಬದಲು ಮಾಡಿದಳು. ಹಾಲು ಮೂರಕ್ಕಿಳಿಯಿತು. ಟ್ಯಾಂಕರು ತುಂಬಿಕೊಂಡು ಹೋಯಿತು.

ಮಧ್ಯಾಹ್ನ ತಮ್ಮನ ಮನೆ ಬಾಗಿಲಲ್ಲಿ ನಿಂತು, "ತಪ್ಪು ನಂದೇ ಕಣೋ. ಕೊಳವೆ ತಿರುಗಾಮುರುಗಾ ಹಾಕಿದ್ದೆ" ಎಂದಳು.

ಅವನು ಊಟದಿಂದ ತಲೆ ಎತ್ತಲಿಲ್ಲ. "ಬೈದಿದ್ದು ಊರ ಮುಂದೆ. ಬಾಗಿಲ ಸಂದೀಲಿ ಹೇಳಿದ್ರೆ ಚುಕ್ತಾ ಆಗುತ್ತಾ?"

"ಅವರ ಮುಂದೆ ಹೇಳಿದ್ರೆ ನಾಳೆಯಿಂದ ನನ್ನ ಮಾತು ಯಾರು ಕೇಳ್ತಾರೆ?"

"ನನ್ನ ಮಾತು ಯಾರು ಕೇಳ್ತಾರೆ ಹಾಗಾದ್ರೆ?"

ತಮ್ಮನ ಹೆಂಡತಿ ತಂದುಕೊಟ್ಟ ನೀರನ್ನು ಅರ್ಧ ಕುಡಿದು ಅಕ್ಕ ಹೊರಟುಬಂದಳು.

ಮರುದಿನ ತಮ್ಮ ಹೊತ್ತಿಗೆ ಸರಿಯಾಗಿ ಬಂದು ಕಂಪ್ರೆಸರು ಹಚ್ಚಿ, ಕೈಕಟ್ಟಿ ನಿಂತ. ಮುದುಕ ಕ್ಯಾನು ಇಳಿಸುತ್ತ ನಕ್ಕ. "ಓಹೋ, ನಿದ್ದೆಬುರುಕ ಎದ್ದುಬಿಟ್ಟನಲ್ಲ! ಅವನು ಮನೆಗೆ ಹೋಗಿದ್ದಕ್ಕೇ ನಿನ್ನೆ ಹಾಲು ತಣೀತೇನಕ್ಕಾ?"

ತಮ್ಮ ಅವಳನ್ನೇ ನೋಡಿದ.

"ಹಾಲು ಸುರಿ ತಾತ," ಎಂದಳು ಅಕ್ಕ, ಉಷ್ಣಮಾಪಕದಿಂದ ಕಣ್ಣು ಕೀಳದೆ. "ಹಿಂದೆ ಜನ ಕಾಯ್ತಿದಾರೆ."