ಕಿಟಕಿಯ ಹೆಂಗಸು ಮತ್ತು ನಮ್ಮ ಶನಿವಾರ

ಕಲಾ ಮ್ಯೂಸಿಯಂನ ಬಾಗಿಲ ಬಳಿ ಚೀಲ ಇಸಿದುಕೊಳ್ಳುವುದು ನನ್ನ ಕೆಲಸ. ಬಂದವರು ಚೀಲ, ಕೊಡೆ ಕೊಟ್ಟು ಹಿತ್ತಾಳೆಯ ಬಿಲ್ಲೆ ತೆಗೆದುಕೊಳ್ಳುತ್ತಾರೆ. ಬಿಲ್ಲೆಯನ್ನು ಜೇಬಿಗೆ ಹಾಕಿಕೊಳ್ಳುವಾಗ ಎಲ್ಲರೂ ಕೇಳುವುದು ಒಂದೇ: "ಯಾವ ಕಡೆ ಹೋಗ್ಬೇಕು?" ನನಗೆ ಮಾತು ಕಡಿಮೆ. ಕೈ ತೋರಿಸುತ್ತೇನೆ. ಬಲಕ್ಕೆ ಕಲ್ಲಿನ ಮೂರ್ತಿಗಳು, ಎಡಕ್ಕೆ ತೈಲಚಿತ್ರಗಳು. ಶನಿವಾರ ಮಧ್ಯಾಹ್ನ ಮಾತ್ರ ಎಲ್ಲರನ್ನೂ ಎಡಕ್ಕೇ ಕಳಿಸುತ್ತಿದ್ದೆ. ಆ ಹೊತ್ತಿಗೆ ಅಲ್ಲಿ ನಮ್ಮ ಭಾವ ಭಾಷಣ ಮಾಡುತ್ತಿರುತ್ತಿದ್ದರು.

ಭಾವ ವಾರವೆಲ್ಲ ಮನೆಯ ಮುಂಭಾಗದಲ್ಲೇ ಇರುವ ಕನ್ನಡಕದ ಅಂಗಡಿಯಲ್ಲಿ ಫ್ರೇಮು ಮಾರುತ್ತ ಗಳಿಗೆಗೊಮ್ಮೆ ಅಕ್ಕನನ್ನು ಕೂಗುತ್ತಾರೆ, ಶನಿವಾರ ಮ್ಯೂಸಿಯಂನ ಸ್ವಯಂಸೇವಕರಾಗುತ್ತಾರೆ. "ಜನಕ್ಕೆ ನೋಡೋದು ಕಲಿಸೋದು ನನ್ನ ರಕ್ತದಲ್ಲೇ ಇದೆ" ಎನ್ನುತ್ತಾರೆ. ಮ್ಯೂಸಿಯಂ ಕೊಟ್ಟ ನೀಲಿ ವೇಸ್ಟ್‌ಕೋಟನ್ನು ಅಕ್ಕ ಹಿಂದಿನ ದಿನವೇ ಇಸ್ತ್ರಿ ಮಾಡಿಡಬೇಕು. ಎಲ್ಲಾದರೂ ಒಂದು ಸುಕ್ಕು ಕಂಡರೆ ಅವಳ ವಂಶವೇ ಕೈಲಾಗದ್ದು. ಅದೇ ವಂಶದ ನಾನೂ ಆ ಮನೆಯಲ್ಲೇ ಇದ್ದೇನೆ. ನನಗೆ ಕೆಲಸ ಕೊಡಿಸಿದವರು ಅವರೇ, ಅದನ್ನು ದಿನಕ್ಕೊಮ್ಮೆ ಹೇಳದಿದ್ದರೆ ಅವರಿಗೆ ತುತ್ತು ಇಳಿಯುವುದಿಲ್ಲ. ಮ್ಯೂಸಿಯಂನೊಳಗೆ ಮಾತ್ರ ನಾನು ಅವರಿಗೆ ಯಾರೂ ಅಲ್ಲ.

"ಅಲ್ಲಿ ಸಾರ್ ಅನ್ನು. ಸ್ಕೂಲು ಅರ್ಧಕ್ಕೆ ಬಿಟ್ಟೋಳು ನನ್ನ ನಾದಿನಿ ಅಂತ ಗೊತ್ತಾದ್ರೆ ನನ್ನ ಮಾತಿಗೆ ಏನು ಬೆಲೆ ಉಳಿಯುತ್ತೆ?"

ನಾನು ಜನರನ್ನು ಎಡಕ್ಕೆ ಕಳಿಸುತ್ತಿದ್ದುದು ಈ ಸಾರ್‌ಗಾಗಿ ಅಲ್ಲ, ಅಕ್ಕನಿಗಾಗಿ. ಶನಿವಾರ ಊಟ ಮುಗಿಸಿ ಭಾವ ಹೊರಟರೆ ನಾನು ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ನಡೆಯುತ್ತೇನೆ. ಅಕ್ಕ ಕಿಟಕಿಯಲ್ಲಿ ನಿಂತಿರುತ್ತಾಳೆ. ಚಪ್ಪಲಿ ಹೊಲಿಯುವವನ ಅಂಗಡಿಯ ತಿರುವಿನಲ್ಲಿ ಭಾವ ಒಮ್ಮೆ ಹಿಂತಿರುಗಿ ನೋಡಿ, "ಪಾಪ, ಬಿಟ್ಟಿರೋಕಾಗಲ್ಲ ಅವಳಿಗೆ" ಎನ್ನುತ್ತಾರೆ. ಅವರು ತಿರುವು ದಾಟಿದ ಮೇಲೆ ಅಕ್ಕ ಏನು ಮಾಡುತ್ತಾಳೆಂದು ನನಗೆ ಅವಳೇ ಹೇಳಿದ್ದಾಳೆ. ಬಾಗಿಲ ಚಿಲಕ ಹಾಕಿ, ಕೂದಲು ಬಿಚ್ಚಿಕೊಂಡು, ಭಾವನ ಕೈಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲು ಚಾಚುತ್ತಾಳೆ. ಅವರು ಬರುವವರೆಗೂ ಹಾಗೇ ಸುಮ್ಮನೆ ಇರುತ್ತಾಳೆ. ಇಡೀ ವಾರದಲ್ಲಿ ಅವಳಿಗಿರುವುದು ಅಷ್ಟೇ. ಭಾವನ ಭಾಷಣಕ್ಕೆ ಜನ ಬರದೆ ಅದು ನಿಂತುಹೋದರೆ ಆ ಕುರ್ಚಿಯೂ ಹೋಗುತ್ತದೆ.

ಉಳಿದ ಸ್ವಯಂಸೇವಕರೂ ಅದೇ ಅಚ್ಚಿನವರು. ಮಣಿಸರದ ಒಬ್ಬ ಹಿರಿಯಾಕೆ ಚಿತ್ರದ ಹತ್ತಿರ ಹೋಗುವ ಮೊದಲೇ "ಆಹಾ" ಎನ್ನುತ್ತಾರೆ. ನಿವೃತ್ತ ಎಂಜಿನಿಯರ್ ಒಬ್ಬರು ಚಿತ್ರದ ಕೆಳಗಿನ ಚೀಟಿ ಓದಿ, ಅದು ಸರಿಯಿದೆಯೇ ಎಂದು ಪರೀಕ್ಷಿಸಲು ಮಾತ್ರ ಚಿತ್ರದ ಕಡೆ ಕಣ್ಣು ಹಾಯಿಸುತ್ತಾರೆ. ಕಾರ್ಯಕ್ರಮಗಳನ್ನು ನಡೆಸುವ ಮೇಡಂ ತಿಂಗಳಿಗೊಮ್ಮೆ ಇವರನ್ನೆಲ್ಲ ಕೂರಿಸಿ ಬಿಸ್ಕತ್ತು ಕೊಟ್ಟು ತರಬೇತಿ ಮಾಡುತ್ತಾರೆ. ಕಪ್ಪು ಎತ್ತಲು ನನ್ನನ್ನು ಕರೆಯುವುದರಿಂದ ಪಾಠ ನನಗೂ ಬಾಯಿಪಾಠವಾಗಿದೆ: ನೀವು ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ, ನೋಡಲು ಬಂದವರ ಬಾಯಿ ತೆರೆಸಿ.

ಭಾವನ ಭಾಷಣದಲ್ಲಿ ಜನ ಬಾಯಿ ತೆರೆಯುತ್ತಿದ್ದುದು ಆಕಳಿಸಲು ಮಾತ್ರ. ಅದು ಮೇಡಂ ಕಿವಿಗೂ ಬಿತ್ತು.

"ಬರೋ ಶನಿವಾರ ನಾನೇ ಬಂದು ಕೂರ್ತೀನಿ," ಎಂದರು, ಬಿಸ್ಕತ್ತಿನ ತಟ್ಟೆ ಮುಂದಕ್ಕೆ ತಳ್ಳುತ್ತ. "ಬಂದೋರಲ್ಲಿ ಒಬ್ಬರಾದ್ರೂ ಮಾತಾಡ್ಬೇಕು. ಇಲ್ಲಾಂದ್ರೆ ಆ ಹೊತ್ತನ್ನ ಮಕ್ಕಳ ಜೇಡಿಮಣ್ಣಿನ ತರಗತಿಗೆ ಕೊಟ್ಬಿಡ್ತೀನಿ."

ಅಂದು ಸಂಜೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅವರು ಅಲ್ಲಿಗೆ ಬರುವುದೇ ಅಪರೂಪ.

"ಶನಿವಾರ ನೀನು ಬಂದು ಕೂತ್ಕೋ. ಆದ್ರೆ ನನ್ನ ಹೆಂಡ್ತಿ ಅಂತ ತೋರಿಸ್ಕೋಬೇಡ."

ಮದುವೆಯಾದಾಗಿನಿಂದ ಅಕ್ಕ ಮ್ಯೂಸಿಯಂನ ಮೆಟ್ಟಿಲು ಹತ್ತಿರಲಿಲ್ಲ. "ನಿನಗೇನು ಅರ್ಥವಾಗುತ್ತೆ" ಎಂದು ಇವರೇ ತಡೆದಿದ್ದರು. ಈಗ ಅವಳು ಪಾತ್ರೆ ಉಜ್ಜುತ್ತಿರುವಾಗಲೇ ಪಾಠ ಶುರುವಾಯಿತು.

"ಒಂದು ಚಿತ್ರ ಇದೆ. ಹಸಿರು ಪರದೆ, ಕಿಟಕಿ, ಕಿಟಕೀಲಿ ಒಬ್ಬ ಹೆಂಗಸು. ಇವಳು ಏನಕ್ಕೆ ಕಾಯ್ತಿದಾಳೆ ಅಂತ ನಾನು ಕೇಳ್ತೀನಿ. ನೀನು ಸ್ವಲ್ಪ ಯೋಚಿಸೋ ಹಾಗೆ ಮಾಡಿ, ದೂರ ಹೋದ ಗಂಡ ಬರೋ ದಾರಿ ಕಾಯ್ತಿದಾಳೆ ಅನ್ಸುತ್ತೆ, ಅನ್ನು."

"ದೂರ ಹೋದ ಗಂಡ ಬರೋ ದಾರಿ ಕಾಯ್ತಿದಾಳೆ."

"ಅನ್ಸುತ್ತೆ. ಅನ್ಸುತ್ತೆ ಬಿಡಬೇಡ. ಅದಿದ್ರೇ ಸಹಜ."

"ಅನ್ಸುತ್ತೆ," ಎಂದಳು ಅಕ್ಕ, ಬಾಣಲೆಯ ತಳಕ್ಕೆ.

ಭಾವ ಹೋದ ಮೇಲೆ ನಾನು ಕೇಳಿದೆ, "ಹೋಗ್ತೀಯೇನೇ?"

"ಹೋಗದೆ? ಜೇಡಿಮಣ್ಣಿನ ಪಾಲಾದ್ರೆ ಶನಿವಾರವೂ ಇವರು ಮನೇಲೇ ಬಿದ್ದಿರ್ತಾರೆ. ಒಂದು ಶನಿವಾರ ಕೊಟ್ಟು ಉಳಿದಿದ್ದನ್ನ ಉಳಿಸ್ಕೊಳ್ಳೋಣ."

ಆ ದಿನ ನಾನು ಸಿಕ್ಕಸಿಕ್ಕವರನ್ನೆಲ್ಲ ಎಡಕ್ಕೆ ಕಳಿಸಿದೆ, ಶೌಚಾಲಯ ಎಲ್ಲಿ ಎಂದು ಕೇಳಿದವರನ್ನೂ. ಅಕ್ಕ ಯಾರೋ ಎಂಬಂತೆ ಬಂದು ಚೀಲ ಕೊಟ್ಟಳು, ನಾನು ಯಾರಿಗೋ ಎಂಬಂತೆ ಬಿಲ್ಲೆ ಕೊಟ್ಟೆ. ಆಮೇಲೆ ಕಾವಲುಗಾರನನ್ನು ಕೌಂಟರಿನಲ್ಲಿ ನಿಲ್ಲಿಸಿ ಒಳಗೆ ಹೋದೆ. ಭಾವನಿಗೆ ಕೆಮ್ಮು ಬಂದರೆ ನೀರು ಕೊಡಲು ಲೋಟ ಹಿಡಿದು ಗೋಡೆ ಬದಿ ನಿಂತಿರಬೇಕೆಂದು ನನಗೆ ಅಪ್ಪಣೆಯಾಗಿತ್ತು.

ಭಾವ ಪ್ರಶ್ನೆಯಿಂದಲೇ ಆರಂಭಿಸಿದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. "ಈ ಹಸಿರು ಏನನ್ನ ಸೂಚಿಸುತ್ತೆ?" ಎಂದು ಕೇಳಿ, ಯಾರೂ ಉಸಿರೆಳೆದುಕೊಳ್ಳುವ ಮೊದಲೇ "ಆಸೆಯನ್ನ" ಎಂದು ತಾವೇ ಹೇಳಿದರು. ಮಗುಚಿಬಿದ್ದ ಬಟ್ಟಲು ಏನು? ಕಳೆದುಹೋದ ಕಾಲ. ಮೂಲೆಯಲ್ಲಿರುವ ಚಪ್ಪಲಿ? ವಿರಹ. ಕೂತವರಲ್ಲಿ ಒಬ್ಬರು ಕೈಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಮೆಲ್ಲಗೆ ಎದ್ದು ಹೊರಗೆ ಹೋದರು. ಕೊನೆಯ ಸಾಲಿನಲ್ಲಿ ಮೇಡಂ ಪೆನ್ನಿನ ಮುಚ್ಚಳ ಹಾಕಿದರು. ಅದು ಭಾವನಿಗೆ ಕಾಣಿಸಿತು, ಒಂದು ಸಲ ಕೆಮ್ಮಿದರು. ನಾನು ನೀರು ಕೊಟ್ಟೆ.

"ಈಗ ನೀವೇ ಹೇಳಿ," ಎಂದರು ಭಾವ, ಅಕ್ಕನ ಕಡೆ ಬೆರಳು ಚಾಚಿ. "ನೀವಮ್ಮ. ಎಲ್ಲಿಂದ ಬಂದಿದೀರೋ ನನಗೆ ಗೊತ್ತಿಲ್ಲ. ಈ ಹೆಂಗಸು ಕಿಟಕೀಲಿ ಏನಕ್ಕೆ ಕಾಯ್ತಿದಾಳೆ?"

ಅಕ್ಕ ಅದುವರೆಗೆ ಚಿತ್ರವನ್ನು ನೋಡಿರಲಿಲ್ಲ. ಉತ್ತರ ಮರೆತುಹೋದೀತೆಂದು ತಲೆ ತಗ್ಗಿಸಿ ತುಟಿ ಅಲ್ಲಾಡಿಸುತ್ತ ಕೂತಿದ್ದಳು. ಯೋಚಿಸುವ ಹಾಗೆ ಮಾಡಬೇಕಲ್ಲ, ಅದಕ್ಕೆ ತಲೆ ಎತ್ತಿದಳು. ಚಿತ್ರದ ಹೆಂಗಸು ಒಂದು ಕೈಯಲ್ಲಿ ಪರದೆ ಸರಿಸಿ ಬೀದಿಯ ಕೊನೆ ನೋಡುತ್ತಿದ್ದಳು, ಇನ್ನೊಂದು ಕೈ ಆಗಲೇ ತುರುಬಿನ ಮೇಲಿತ್ತು. ಅಕ್ಕ ಅವಳನ್ನು ನೋಡುತ್ತಲೇ ಇದ್ದಳು, ಬೀದಿಯಲ್ಲಿ ಸಿಕ್ಕ ಪರಿಚಯದವರನ್ನು ನೋಡುವ ಹಾಗೆ.

"ಗಂಡ..." ಎಂದಳು.

ಭಾವ ತಲೆಯಾಡಿಸಿ ಪ್ರೋತ್ಸಾಹಿಸಿದರು.

"ಗಂಡ ಬೀದಿ ತಿರುವು ದಾಟಲಿ ಅಂತ ಕಾಯ್ತಿದಾಳೆ."

ಭಾವನ ಬಾಯಿ ಸ್ವಲ್ಪ ತೆರೆದೇ ಉಳಿಯಿತು.

"ಅನ್ಸುತ್ತೆ," ಎಂದಳು ಅಕ್ಕ, ಪಾಠ ನೆನಪಾಗಿ.

ಮೊದಲು ನಕ್ಕವರು ಮುಂದಿನ ಸಾಲಿನ ದಪ್ಪ ಹೆಂಗಸು. "ಹೌದು ನೋಡಿ, ತುರುಬು ಬಿಚ್ಚೋಕೆ ಕೈ ಹಾಕಿದಾಳೆ," ಎಂದರು. ಅವರ ಗಂಡ, "ಚಪ್ಪಲಿ ಅದಕ್ಕೇ ಮೂಲೇಲಿದೆಯಾ ಹಾಗಾದ್ರೆ?" ಎಂದರು. "ನಿಮಗ್ಯಾಕೆ ಅದೆಲ್ಲ, ಸುಮ್ನಿರಿ," ಎಂದು ಆಕೆ ತಿವಿದರು. ಹಿಂದಿನಿಂದ ಯಾರೋ, ಅವಳು ಕಾಯುತ್ತಿರುವುದು ಗಂಡ ಹೋಗಲೆಂದಲ್ಲ, ಅತ್ತೆ ಹೋಗಲೆಂದು ಎಂದರು. ಮಾತು ಶುರುವಾಗಿಬಿಟ್ಟಿತ್ತು. ಮೇಡಂ ಮತ್ತೆ ಪೆನ್ನು ತೆರೆದರು. ನಡುವೆ ಭಾವ ಮಾತ್ರ ಜಾತ್ರೆಯಲ್ಲಿ ಕಳೆದುಹೋದ ಮಗುವಿನಂತೆ ನಿಂತಿದ್ದರು. ಹೇಳಲು ಏನೂ ತೋಚದೆ ಅವರು ಸುಮ್ಮನಿದ್ದುದು ನಾನು ಕಂಡ ಹಾಗೆ ಅದೇ ಮೊದಲು.

ಮುಗಿದ ಮೇಲೆ ಮೇಡಂ ಅವರ ಕೈ ಕುಲುಕಿದರು. "ಇದೇ ನೋಡಿ ನಾನು ಹೇಳ್ತಿದ್ದಿದ್ದು. ನೀವು ಹಿಂದೆ ಸರಿದು ನಿಂತ್ರಿ, ಜನ ಮುಂದೆ ಬಂದ್ರು. ಎಂಥಾ ಸಂಯಮ. ಭಾನುವಾರದ ಮಾತುಕತೇನೂ ನೀವೇ ನಡೆಸ್ಕೊಡಿ."

ಕೌಂಟರಿನ ಬಳಿ ಬರುವಷ್ಟರಲ್ಲಿ ಭಾವನಿಗೆ ಆ ಸಂಯಮ ತಮ್ಮದೇ ಎಂದು ಪೂರ್ತಿ ನಂಬಿಕೆ ಬಂದಿತ್ತು. ಮೇಡಂ ಅತ್ತ ಹೋದುದನ್ನು ನೋಡಿಕೊಂಡು ಅಕ್ಕನ ಹತ್ತಿರ ಬಂದರು.

"ಹೇಳಿಕೊಟ್ಟಿದ್ದು ಒಂದೇ ಮಾತು, ಅದನ್ನೂ ತಪ್ಪಾಗಿ ಹೇಳಿದೆಯಲ್ಲ. ನಿಮ್ಮ ವಂಶವೇ ಅಷ್ಟು. ಆದ್ರೂ ನಾನು ಹೇಗೆ ಸಂಭಾಳಿಸಿದೆ, ನೋಡಿದ್ಯಾ?"

"ನೋಡಿದೆ ರೀ."

"ಇನ್ಮೇಲೆ ಭಾನುವಾರ ಮಧ್ಯಾಹ್ನಾನೂ ನಾನು ಇರಲ್ಲ. ಒಬ್ಳೇ ಇರೋದು ನಿನಗೆ ಕಷ್ಟ, ಗೊತ್ತು. ಕಲೆ ಅಂದ್ಮೇಲೆ ಮನೆಯೋರೂ ಸ್ವಲ್ಪ ತ್ಯಾಗ ಮಾಡ್ಬೇಕಾಗುತ್ತೆ."

ಅಕ್ಕ ಬಿಲ್ಲೆಯನ್ನು ನನ್ನ ಮುಂದೆ ಇಟ್ಟಳು. ನಾನು ಚೀಲ ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ಬಗ್ಗಿದೆ. ಅವಳ ಮುಖ ನೋಡಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ.

"ಮಾಡೋಣ ರೀ," ಎನ್ನುವುದು ಮೇಲಿನಿಂದ ಕೇಳಿಸಿತು. "ಮೇಡಂ ಹತ್ರ ಇನ್ನೊಂದು ವೇಸ್ಟ್‌ಕೋಟು ಕೇಳಿ ಇಸ್ಕೊಳ್ಳಿ. ಎರಡು ದಿನಕ್ಕೆ ಒಂದು ಸಾಲಲ್ಲ. ನಾನು ಇಸ್ತ್ರಿ ಮಾಡಿಡ್ತೀನಿ."